ಟ್ರಿಂಕಾಮಲಿ, 1:48: ಸಂಗ್ರಹಾಲಯಕ್ಕೆ ಕಟ್ಟುವಾಗ ಯಾವ ವರ್ಷದ ಹಡಗನ್ನು ಕಟ್ಟಬೇಕು?

ತೇಗದಹಲಗೆ

ಎಲ್ಲರಿಗೂ ನಮಸ್ಕಾರ. ಒಂದು ಕಡಲ ವಸ್ತುಸಂಗ್ರಹಾಲಯದವರು ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ಟ್ರಿಂಕಾಮಲಿ ಯುದ್ಧನೌಕೆಯ ಮಾದರಿಯನ್ನು ಕಟ್ಟಿಕೊಡುವಂತೆ ಕೇಳಿದ್ದಾರೆ, ನಾನೂ ಒಪ್ಪಿಕೊಂಡಿದ್ದೇನೆ. ಅಳತೆ 1:48, ಅಂದರೆ ಮೂಲದ 48ರಲ್ಲಿ ಒಂದು ಪಾಲು. ತೋಪಿನ ಡೆಕ್ಕಿನ ಉದ್ದ ಮೂಲದಲ್ಲಿ ಸುಮಾರು 150 ಅಡಿ, ಮಾದರಿಯಲ್ಲಿ ಅದು 95 ಸೆಂಟಿಮೀಟರ್ ಆಗುತ್ತದೆ. ಮೂತಿಯ ಓರೆಗಂಬ ಸೇರಿದರೆ ಇನ್ನೂ ಹೆಚ್ಚು.

ಈ ಹಡಗನ್ನು ಅರಿಯದವರಿಗಾಗಿ ನಾಲ್ಕು ಮಾತು. ಬಾಂಬೆಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿಯವರ ಕೈಕೆಳಗೆ ಇಡಿಯಾಗಿ ತೇಗದಲ್ಲಿ ಕಟ್ಟಿದ ಫ್ರಿಗೇಟ್ (ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ) ಇದು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಆ ಹೊತ್ತಿಗೆ ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದರಿಂದ ಪೋರ್ಟ್ಸ್‌ಮತ್ ತಲುಪಿದ ಮೇಲೆ ಕೆಲಸವಿಲ್ಲದೆ ವರ್ಷಗಟ್ಟಲೆ ಕಟ್ಟಿಹಾಕಿದಂತೆಯೇ ನಿಂತಿತು. 1840ರ ದಶಕದಲ್ಲಿ ಹಿಂಭಾಗದ ಆಕಾರವನ್ನು ಬದಲಿಸಿ, 26 ತೋಪುಗಳ ಕಾರ್ವೆಟ್ (ಫ್ರಿಗೇಟಿಗಿಂತ ಕೆಳದರ್ಜೆಯ ಯುದ್ಧನೌಕೆ) ಆಗಿ ಮಾರ್ಪಡಿಸಿ 1847ರಲ್ಲಿ ಸೇವೆಗೆ ಕಳುಹಿಸಿದರು. ಆಮೇಲೆ ತರಬೇತಿ ನೌಕೆಯಾಯಿತು, ಫೂಡ್ರೊಯಂಟ್ ಎಂಬ ಹೆಸರನ್ನೂ ಹೊತ್ತಿತು. 1987ರಲ್ಲಿ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ಗೆ ಬಂದು ದುರಸ್ತಿಗೊಂಡು ಈಗ ಅಲ್ಲಿಯೇ ನೀರಿನ ಮೇಲೆ ತೇಲುತ್ತಿದೆ.

ನನ್ನ ಮುಂದಿರುವ ಪ್ರಶ್ನೆ ಇದೇ. 1817ರ ಹಡಗೋ, 1847ರದ್ದೋ, ಇಂದು ಕಣ್ಣಿಗೆ ಕಾಣುವ ಹಡಗೋ? ಸಂಗ್ರಹಾಲಯದವರು ತೀರ್ಮಾನವನ್ನು ನನಗೇ ಬಿಟ್ಟಿದ್ದಾರೆ. ನನ್ನ ಒಲವು 1817ರ ಕಡೆಗಿದೆ. ಮರ ಯಾವುದು, ಹಾಯಿಗಳನ್ನು ಬಿಚ್ಚಿ ತೋರಿಸಬೇಕೇ ಬೇಡವೇ ಎಂಬುದರ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು.

ಹಳೆನಕ್ಷೆ

1817 ಎಂಬುದಕ್ಕೆ ನನ್ನ ಪೂರ್ಣ ಸಮ್ಮತಿ. ಇಂದಿನ ಹಡಗನ್ನು ನೋಡಬೇಕೆನ್ನುವವರು ಹಾರ್ಟ್ಲ್‌ಪೂಲ್‌ಗೆ ಹೋಗಿ ಅದನ್ನೇ ನೋಡಬಹುದು. ಎಲ್ಲಿಯೂ ಉಳಿದಿಲ್ಲದ ರೂಪವನ್ನು ಕಣ್ಣಮುಂದೆ ನಿಲ್ಲಿಸುವುದೇ ಮಾದರಿಯ ಕೆಲಸ ಎಂದು ನಂಬಿದವನು ನಾನು.

ಆದರೆ ವರ್ಷವನ್ನು ಗೊತ್ತುಮಾಡಿದ ಮೇಲೆ ಅದಕ್ಕೆ ಕಟ್ಟುಬೀಳಬೇಕು. ಡೆಕ್ಕಿನ ಮೇಲಿನ ಪ್ರತಿಯೊಂದು ವಸ್ತುವನ್ನೂ ಹಿಡಿದು "ಇದು 1817ರ ಅಕ್ಟೋಬರಿನಲ್ಲಿ ಇತ್ತೇ?" ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಿಂಭಾಗ 1817ರದ್ದು, ದೋಣಿಗಳು 1850ರವು, ಬಣ್ಣ ಇಂದಿನದು ಎಂದಾದರೆ ಅಂಥ ಹಡಗು ಯಾವ ದಿನವೂ ಇರಲಿಲ್ಲ.

ನಕ್ಷೆಗಳ ವಿಷಯಕ್ಕೆ ಬರೋಣ. ಈ ಹಡಗಿನ ನಕ್ಷೆಗಳಿಗೇ ಒಂದು ಚರಿತ್ರೆಯಿದೆ. ಮೊದಲ ಪ್ರತಿಯನ್ನು ಬಾಂಬೆಗೆ ಒಯ್ಯುತ್ತಿದ್ದುದು ಎಚ್‌ಎಂಎಸ್ ಜಾವಾ. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆಯ ಕೈಯಲ್ಲಿ ಜಾವಾ ಸೋತು ನಾಶವಾಯಿತು, ನಕ್ಷೆಗಳೂ ಹೋದವು. ಎರಡನೆಯ ಪ್ರತಿಯನ್ನು ಕಳುಹಿಸಬೇಕಾಯಿತು. ಹಡಗು ತಡವಾಗಿ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಟ್ರಿಂಕಾಮಲಿ ಲೀಡಾ ವರ್ಗದ್ದು, ಆ ವರ್ಗದ ವಿನ್ಯಾಸವು 1782ರಲ್ಲಿ ಸೆರೆಸಿಕ್ಕ ಫ್ರೆಂಚರ ಹೆಬೆ ಫ್ರಿಗೇಟಿನಿಂದ ಬಂದದ್ದು. ಗ್ರೀನಿಚ್‌ನ ರಾಷ್ಟ್ರೀಯ ಕಡಲ ಸಂಗ್ರಹಾಲಯದಲ್ಲಿ ನೌಕಾಪಡೆಯ ನಕ್ಷೆಗಳ ದೊಡ್ಡ ಭಂಡಾರವೇ ಇದೆ, ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ.

ನಕ್ಷೆ ಕೈಗೆ ಬಂದಾಗ ಒಂದು ಎಚ್ಚರಿಕೆ ಇರಲಿ. ಆ ಕಾಲದ ಬ್ರಿಟಿಷ್ ನಕ್ಷೆಗಳಲ್ಲಿ ಒಡಲಿನ ಗೆರೆಗಳು ಪಕ್ಕೆಲುಬುಗಳ (ಒಡಲಿನೊಳಗಿನ ಬಾಗಿದ ಮರದ ಚೌಕಟ್ಟುಗಳ) ಹೊರ ಅಂಚನ್ನು ತೋರಿಸುತ್ತವೆ. ಹೊರಹಲಗೆಯ ದಪ್ಪ ಅದರಲ್ಲಿ ಸೇರಿರುವುದಿಲ್ಲ. ಆ ಗೆರೆಯನ್ನೇ ಹಡಗಿನ ಹೊರಮೈ ಎಂದುಕೊಂಡು ಕತ್ತರಿಸಿದರೆ ಎರಡೂ ಬದಿಯಲ್ಲಿ ಒಂದೊಂದು ಹಲಗೆಯಷ್ಟು ಒಡಲು ಸಣ್ಣದಾಗುತ್ತದೆ. ನಾಲ್ಕು ಅಂಗುಲದ ಹಲಗೆ 1:48ರಲ್ಲಿ ಎರಡು ಮಿಲಿಮೀಟರ್. ಬದಿಗೆ ಎರಡರಂತೆ ನಾಲ್ಕು ಮಿಲಿಮೀಟರ್ ಕಡಿಮೆಯಾದ ಫ್ರಿಗೇಟ್ ಯಾವ ಕೋನದಿಂದ ನೋಡಿದರೂ ಸೊರಗಿದಂತೆ ಕಾಣುತ್ತದೆ.

ಉಕ್ಕಿನೊಡಲು

ನಾನು ಉಕ್ಕಿನ ಯುದ್ಧನೌಕೆಗಳ ಮಾದರಿ ಮಾಡುವವನು, ಹಾಯಿ ಹಡಗುಗಳ ಒಳಗುಟ್ಟು ನಿಮ್ಮಷ್ಟು ತಿಳಿಯದು. ಆದರೂ ಫಲಕದ ಬರಹದ ಬಗ್ಗೆ ಒಂದು ಪ್ರಶ್ನೆ. ಈ ಹಡಗನ್ನು ಕೆಲವೆಡೆ 38 ತೋಪುಗಳ ಫ್ರಿಗೇಟ್ ಎಂದಿದೆ, ಕೆಲವೆಡೆ 46 ಎಂದಿದೆ. ನೋಡುಗರು ತೋಪುಕಂಡಿಗಳನ್ನು ಎಣಿಸುತ್ತಾರೆ, ಮಕ್ಕಳಂತೂ ಎಣಿಸದೆ ಬಿಡುವುದಿಲ್ಲ. ಯಾವುದನ್ನು ಬರೆಯುವುದು?

ಹಳೆನಕ್ಷೆ

ಒಳ್ಳೆಯ ಪ್ರಶ್ನೆ. ಎರಡೂ ಸರಿಯೇ. ಗಿಡ್ಡ ನಳಿಗೆಯ ಕ್ಯಾರೊನೇಡ್ ತೋಪುಗಳನ್ನು ಹಡಗಿನ ದರ್ಜೆಯ ಲೆಕ್ಕಕ್ಕೆ ಮೊದಲು ಹಿಡಿಯುತ್ತಿರಲಿಲ್ಲ. 1817ರಲ್ಲಿ ನಿಯಮ ಬದಲಾಗಿ ಅವನ್ನೂ ಎಣಿಸತೊಡಗಿದರು. ಆಗ ಈ ವರ್ಗದ ಫ್ರಿಗೇಟುಗಳು ಒಂದು ತೋಪನ್ನೂ ಹೊಸದಾಗಿ ಏರಿಸದೆಯೇ 38ರಿಂದ 46ಕ್ಕೆ ಏರಿದವು. ತೇಗದಹಲಗೆಯವರು ಆರಿಸಿಕೊಂಡಿರುವುದು ಅದೇ ವರ್ಷವಾದ್ದರಿಂದ ಫಲಕದಲ್ಲಿ 46 ಎಂದು ಬರೆದು, ಕಾರಣವನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಗಾಜುಪೆಟ್ಟಿಗೆ

ನಾನು ಸಂರಕ್ಷಣೆಯ ಕೆಲಸದಲ್ಲಿರುವವಳು. ಮಾದರಿಗಳನ್ನು ಕಟ್ಟುವುದಿಲ್ಲ. ಕಟ್ಟಿದವರು ತೀರಿಕೊಂಡ ಮೇಲೆ ಅವು ನಮ್ಮ ಮೇಜಿಗೆ ಬರುತ್ತವೆ. ಆದ್ದರಿಂದ ಮರದ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಸಹಿಸಿಕೊಳ್ಳಿ.

ಮನೆಯ ಕಪಾಟಿನ ಮಾದರಿಗೂ ಸಂಗ್ರಹಾಲಯದ ಮಾದರಿಗೂ ದೊಡ್ಡ ವ್ಯತ್ಯಾಸವೆಂದರೆ ಮುಚ್ಚಿದ ಪೆಟ್ಟಿಗೆ. ಮರ, ಅಂಟು, ಬಣ್ಣ ಎಲ್ಲವೂ ನಿಧಾನವಾಗಿ ಆವಿಯನ್ನು ಬಿಡುತ್ತಲೇ ಇರುತ್ತವೆ. ತೆರೆದ ಕೋಣೆಯಲ್ಲಿ ಅದು ಗಾಳಿಯಲ್ಲಿ ಕರಗಿಹೋಗುತ್ತದೆ, ಪೆಟ್ಟಿಗೆಯೊಳಗೆ ದಶಕಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಓಕ್ ಮರ ಅಸಿಟಿಕ್ ಆಮ್ಲವನ್ನು ಬಿಡುವುದರಲ್ಲಿ ಬಹಳ ಮುಂದು. ಬಿಳಿ ಮರದಂಟು ಎಂದು ನಾವು ಕರೆಯುವ ಪಿವಿಎ ಅಂಟುಗಳಲ್ಲಿ ಹಲವು ಅದನ್ನೇ ಬಿಡುತ್ತವೆ. ಆ ಆವಿಗೆ ಮೊದಲು ಬಲಿಯಾಗುವುದು ಸೀಸ.

ಹಳೆಯ ಮಾದರಿಗಳಲ್ಲಿ ಲಂಗರು, ತೋಪು, ಗುಂಡುಗಳನ್ನು ಸೀಸದಲ್ಲಿ ಎರಕ ಹೊಯ್ಯುವುದು ರೂಢಿಯಲ್ಲಿತ್ತು. ಅಂಥ ಒಂದು ಮಾದರಿಯನ್ನು ಹತ್ತಿರದಿಂದ ನೋಡಿ. ಮೊದಲು ತೋಪಿನ ಬಾಯಿಯ ಅಂಚಿನಲ್ಲಿ ಬೂದಿ ಸವರಿದಂತೆ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ಮೇಲಿನ ಕಪ್ಪು ಬಣ್ಣ ಸಣ್ಣ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆ ಒಡೆದರೆ ಅದರಡಿಯಲ್ಲಿ ಲೋಹವಿಲ್ಲ, ಪುಡಿ ಮಾತ್ರ. ಸೀಸದ ಕಾರ್ಬೊನೇಟ್ ಅದು, ವಿಷಕಾರಿ, ಬರಿಗೈಯಿಂದ ಮುಟ್ಟುವಂತಿಲ್ಲ. ಕೊನೆಗೆ ತೋಪು ತನ್ನ ಗಾಡಿಯ ಮೇಲೆಯೇ ಉದುರಿಹೋಗುತ್ತದೆ. ಇದನ್ನು ನೋಡಿದವರು ಯಾರೂ ಮತ್ತೆ ಸೀಸ ಬಳಸುವುದಿಲ್ಲ. ತೋಪುಗಳನ್ನು ಹಿತ್ತಾಳೆಯಲ್ಲಿ ಕಡೆಯಿರಿ, ರಾಸಾಯನಿಕದಿಂದ ಕಪ್ಪಾಗಿಸಿ, ಆ ರಾಸಾಯನಿಕ ಒಂದಿಷ್ಟೂ ಉಳಿಯದಂತೆ ತೊಳೆದು ಒಣಗಿಸಿ.

ಒಡಲಿಗೆ ಪೇರ್ ಮರ ಅಥವಾ ಬಾಕ್ಸ್‌ವುಡ್. ಎರಡರ ಎಳೆಯೂ ಬಹಳ ನಯ, ಅಂಚು ಚೂಪಾಗಿ ನಿಲ್ಲುತ್ತದೆ. ಮೂಲ ಹಡಗು ತೇಗದ್ದೆಂದು ಮಾದರಿಯನ್ನೂ ತೇಗದಲ್ಲೇ ಕಟ್ಟುವ ಆಸೆ ಸಹಜ. ಆದರೆ ತೇಗದ ಎಳೆ ಅಳತೆಗೆ ತಕ್ಕಂತೆ ಸಣ್ಣದಾಗುವುದಿಲ್ಲ, 1:48ರ ಹಲಗೆಯ ಮೇಲೆ ಅದರ ರಂಧ್ರಗಳು ಬಿರುಕುಗಳಂತೆ ಕಾಣುತ್ತವೆ. ಜೊತೆಗೆ ಅದರೊಳಗಿನ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ತೀರ ಬಳಸಲೇಬೇಕಾದರೆ ಅಂಟಿಸುವ ಮುನ್ನ ಅಸಿಟೋನಿನಿಂದ ಮೇಲ್ಮೈಯನ್ನು ಒರೆಸಬೇಕು.

ಬಳಸುವ ಯಾವುದೇ ವಸ್ತುವಿನ ಬಗ್ಗೆ ಅನುಮಾನವಿದ್ದರೆ ಆಡಿ ಪರೀಕ್ಷೆ ಮಾಡಿಸಲು ಸಂಗ್ರಹಾಲಯದವರನ್ನೇ ಕೇಳಿ. ಬೆಳ್ಳಿ, ತಾಮ್ರ, ಸೀಸದ ಸಣ್ಣ ತುಂಡುಗಳೊಂದಿಗೆ ಆ ವಸ್ತುವನ್ನು ಒಂದು ಪಾತ್ರೆಯಲ್ಲಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತುಂಬು ತೇವದಲ್ಲಿ 28 ದಿನ ಇಡುತ್ತಾರೆ. ಲೋಹ ಕೆಟ್ಟರೆ ಆ ವಸ್ತು ಪೆಟ್ಟಿಗೆಯೊಳಗೆ ಬರುವಂತಿಲ್ಲ. 1970ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪುಗೊಂಡ ಕ್ರಮ ಇದು, ಇಂದಿಗೂ ನಮಗೆ ಆಧಾರ.

ತೇಗದಹಲಗೆ

ಗಾಜುಪೆಟ್ಟಿಗೆಯವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಋಣಿ. ತೇಗವನ್ನು ಕೈಬಿಟ್ಟೆ, ಪೇರ್ ಮರವೇ ಸರಿ. ಇನ್ನೊಂದು ಸಂದೇಹ. ದುರಸ್ತಿಯ ಕಾಲದಲ್ಲಿ ಹಳೆಯ ಹಡಗುಗಳಿಂದ ತೆಗೆದ ಮರದ ಚೂರುಗಳನ್ನು ಜನ ಸ್ಮರಣಿಕೆಯಾಗಿ ಇಟ್ಟುಕೊಂಡಿರುತ್ತಾರೆ. ಅಂಥ ಚೂರು ಸಿಕ್ಕರೆ ಮಾದರಿಯಲ್ಲಿ ಸೇರಿಸಬಹುದೇ? ಹಡಗಿನ ಒಂದು ಕಣವಾದರೂ ಅದರಲ್ಲಿರಲಿ ಎಂಬ ಆಸೆ.

ಗಾಜುಪೆಟ್ಟಿಗೆ

ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಶತಮಾನಗಳ ಕಾಲ ಉಪ್ಪುನೀರು, ಟಾರು, ಕಬ್ಬಿಣದ ತುಕ್ಕು ಕುಡಿದ ಮರ ಅದು. ಪೆಟ್ಟಿಗೆಯೊಳಗೆ ಬೇಡ. ಹೊರಗೆ, ಪೀಠದ ಮೇಲೆ, ಜನರು ಕೈಯಿಂದ ಮುಟ್ಟಬಹುದಾದ ಕಡೆ ಇಡಿ. ಅಂಧ ನೋಡುಗರಿಗೆ ಮಾದರಿಯ ಬಳಿ ದಕ್ಕುವುದು ಅದೊಂದೇ.

ಹುರಿಹಗ್ಗ

ಹಗ್ಗಗಳ ವಿಷಯ ಯಾರೂ ಎತ್ತಲಿಲ್ಲವಲ್ಲ! ಎಷ್ಟೋ ಮಾದರಿಗಳ ಒಡಲು ಕಣ್ಣಿಗೊತ್ತಿಕೊಳ್ಳುವಂತಿರುತ್ತದೆ, ಕೂವೆಮರಗಳ (ಹಾಯಿ ಕಟ್ಟುವ ಕಂಬಗಳ) ಕಡೆ ತಲೆಯೆತ್ತಿದರೆ ಹೊಲಿಗೆಯ ದಾರ.

ಮೊದಲು ಅಳತೆ. ಹಳೆಯ ಪಟ್ಟಿಗಳಲ್ಲಿ ಹಗ್ಗಕ್ಕೆ 18 ಅಂಗುಲ ಎಂದಿದ್ದರೆ ಅದು ಸುತ್ತಳತೆ, ಅಡ್ಡಳತೆಯಲ್ಲ. 18 ಅಂಗುಲದ ಲಂಗರು ಹಗ್ಗದ ಅಡ್ಡಳತೆ ಸುಮಾರು 5.7 ಅಂಗುಲ, 1:48ರಲ್ಲಿ ಮೂರು ಮಿಲಿಮೀಟರ್. ಪಟ್ಟಿಯನ್ನು ತಪ್ಪಾಗಿ ಓದಿದವರ ಮಾದರಿಯಲ್ಲಿ ಅದು ಒಂಬತ್ತೂವರೆ ಮಿಲಿಮೀಟರಿನ ಹೆಬ್ಬಾವಾಗಿರುತ್ತದೆ.

ಎರಡನೆಯದು ಹೊಸೆತದ ದಿಕ್ಕು. ಸಾಧಾರಣ ಹಗ್ಗ ಮೂರು ಎಳೆಗಳದ್ದು, ಬಲಕ್ಕೆ ಹೊಸೆದದ್ದು. ಲಂಗರಿನ ಹಗ್ಗವಾದರೋ ಅಂಥ ಮೂರು ಹಗ್ಗಗಳನ್ನು ಮತ್ತೆ ಎಡಕ್ಕೆ ಹೊಸೆದದ್ದು, ಒಟ್ಟು ಒಂಬತ್ತು ಎಳೆ. ಅಂಗಡಿಯ ದಾರದಲ್ಲಿ ಇದು ಸಿಗುವುದಿಲ್ಲ, ಹಗ್ಗ ಹೊಸೆಯುವ ಸಣ್ಣ ಯಂತ್ರವನ್ನು ಮಾಡಿಕೊಳ್ಳಲೇಬೇಕು. ಕೈಗೆ ಹದ ಸಿಕ್ಕಮೇಲೆ ಇಡೀ ಕೆಲಸದಲ್ಲಿ ಇದರಷ್ಟು ಖುಷಿ ಕೊಡುವ ಭಾಗ ಇನ್ನೊಂದಿಲ್ಲ. ಮೂರು ಎಳೆಗಳು ಒಂದನ್ನೊಂದು ತಬ್ಬಿಕೊಂಡು ಬಿಗಿಯುತ್ತಾ ಬರುವ ಆ ಗಂಟನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಳೆಗಳಿಗೆ ಹಾಕಿದ ತಿರುಚು ಕಡಿಮೆಯಾದರೆ ಹಗ್ಗ ಬಿಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಸುರುಳಿ ಸುತ್ತಿಕೊಂಡು ನೆಟ್ಟಗೆ ನಿಲ್ಲುವುದಿಲ್ಲ. ಹತ್ತಿಗಿಂತ ನಾರಗಸೆಯ ನೂಲು ಅಥವಾ ಪಾಲಿಯೆಸ್ಟರ್ ನೂಲು ಒಳ್ಳೆಯದು, ಹತ್ತಿಯಲ್ಲಿ ನವಿರು ಏಳುತ್ತದೆ. ಆ ನವಿರಿನ ಮೇಲೆ ದೂಳು ಕೂತರೆ ಗಾಜುಪೆಟ್ಟಿಗೆಯವರಿಗೂ ತೆಗೆಯಲಾಗದು.

ಬಣ್ಣದಲ್ಲಿಯೂ ಭೇದವಿದೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಸ್ಥಿರ ಹಗ್ಗಗಳಿಗೆ ಟಾರು ಹಚ್ಚಿರುತ್ತಾರೆ, ಅವು ಕಡುಗಂದು. ಹಾಯಿಗಳನ್ನು ಎಳೆದಾಡಿಸುವ ಹಗ್ಗಗಳು ತಿಳಿಗಂದು. ನಾವಿಕರು ಹತ್ತುವ ಅಡ್ಡಹಗ್ಗಗಳ ನಡುವಣ ಅಂತರ ಸುಮಾರು 13 ಅಂಗುಲ, ಮಾದರಿಯಲ್ಲಿ ಏಳು ಮಿಲಿಮೀಟರ್. ಪ್ರತಿಯೊಂದನ್ನೂ ಪ್ರತಿಯೊಂದು ನೇರ ಹಗ್ಗಕ್ಕೆ ಕ್ಲೋವ್ ಗಂಟಿನಿಂದ ಕಟ್ಟಬೇಕು, ಎರಡು ತುದಿಗಳಲ್ಲಿ ಮಾತ್ರ ಸಣ್ಣ ಕಣ್ಣು ಮಾಡಿ ಬಿಗಿಯಬೇಕು. ಗಂಟಿನ ಬದಲು ಅಂಟಿನ ಹನಿ ಹಾಕಿದ್ದನ್ನು ಒಂದು ಮೊಳ ದೂರದಿಂದಲೇ ಗುರುತಿಸಬಹುದು.

ಹಾಯಿಗಳು ಬೇಡ ಎಂಬುದು ನನ್ನ ಖಚಿತ ಮಾತು. ಯಾವ ಬಟ್ಟೆಯ ನೇಯ್ಗೆಯೂ 1:48ಕ್ಕೆ ಇಳಿಯುವುದಿಲ್ಲ. ಬಟ್ಟೆ ಹಳದಿಯಾಗುತ್ತದೆ, ಜೋತುಬೀಳುತ್ತದೆ, ಅದರ ಹಿಂದೆ ವರ್ಷಗಟ್ಟಲೆಯ ಹಗ್ಗದ ಕೆಲಸ ಮುಚ್ಚಿಹೋಗುತ್ತದೆ.

ಉಕ್ಕಿನೊಡಲು

ಬಣ್ಣದ ಮಾತು ಬಂದಿದ್ದರಿಂದ ಹೇಳುತ್ತೇನೆ. ಬಣ್ಣದ ಬಗ್ಗೆ "ಎಲ್ಲರಿಗೂ ಗೊತ್ತಿರುವುದೇ" ಎನ್ನುವಾಗ ಎರಡು ಸಲ ಯೋಚಿಸಬೇಕು. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ವಾಸಾ ಹಡಗಿನ ಶಿಲ್ಪಗಳ ಹಿಂದಿನ ಬಣ್ಣ ನೀಲಿ ಎಂದು ಬಹುಕಾಲ ತಿಳಿದಿದ್ದರು. ಮರದಲ್ಲಿ ಉಳಿದಿದ್ದ ಕಣಗಳನ್ನು ಪರೀಕ್ಷಿಸಿದಾಗ ಕೆಂಪು ಎಂದು ಗೊತ್ತಾಯಿತು. ಸ್ಟಾಕ್‌ಹೋಮ್‌ನ ಸಂಗ್ರಹಾಲಯದಲ್ಲಿ ಹಡಗಿನ ಪಕ್ಕದಲ್ಲೇ ನಿಂತಿರುವ 1:10ರ ಮಾದರಿ ಆ ಬಣ್ಣಗಳನ್ನೇ ತೊಟ್ಟಿದೆ. ಬ್ರಿಟಿಷ್ ನೌಕಾಪತಿ ನೆಲ್ಸನ್ನನ ವಿಕ್ಟರಿ ಹಡಗಿನ ಗಾಢ ಹಳದಿ ಪಟ್ಟಿಗಳು ಬಣ್ಣದ ಪದರಗಳ ಪರೀಕ್ಷೆಯ ನಂತರ 2015ರಲ್ಲಿ ಮಾಸಲು ಗುಲಾಬಿಗೆ ತಿರುಗಿದವು. ಅದಕ್ಕಿಂತ ಮೊದಲು ಕಟ್ಟಿದ ಎಷ್ಟೋ ಮಾದರಿಗಳು ಆ ಹಳದಿಯಲ್ಲೇ ಇವೆ.

ನಮ್ಮ ಉಕ್ಕಿನ ಹಡಗುಗಳ ಕಡೆಯ ಉದಾಹರಣೆ ಯಮಾಟೊ. ಜಪಾನಿನ ಕುರೆ ನಗರದ ಸಂಗ್ರಹಾಲಯದಲ್ಲಿ ಆ ಯುದ್ಧನೌಕೆಯ 1:10ರ ಮಾದರಿಯಿದೆ, ಉದ್ದ 26.3 ಮೀಟರ್. ಹಡಗಿನ ಮೂತಿಯ ಮೇಲಿನ ಸೇವಂತಿಗೆ ಲಾಂಛನ ಒಂದೂವರೆ ಮೀಟರ್ ಅಗಲವೆಂದು ನಂಬಿದ್ದರು. ಕಡಲತಳದ ಅವಶೇಷವನ್ನು ಅಳೆದಾಗ ಅದು ಒಂದೇ ಮೀಟರ್ ಎಂದು ತಿಳಿಯಿತು.

ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ನೋಡಿ ಬಣ್ಣ ಊಹಿಸುವವರಿಗೂ ಒಂದು ಮಾತು. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ಬಿಳುಪಾಗಿಯೂ ತೋರಿಸುತ್ತದೆ. ಯಾವ ಫಿಲ್ಮ್ ಎಂದು ತಿಳಿಯದೆ ಮರೆಮಾಚು ಬಣ್ಣಗಳನ್ನು ಚಿತ್ರದಿಂದ ಓದಲಾಗದು.

ಸಂಗ್ರಹಾಲಯದ ಮಾದರಿಗೆ ತುಕ್ಕಿನ ಕಲೆ, ಉಪ್ಪಿನ ಗೀರು ಹಾಕುವುದನ್ನು ನಾನು ವಿರೋಧಿಸುತ್ತೇನೆ. ಅದು ಒಬ್ಬರ ಕಲ್ಪನೆ. ಐವತ್ತು ವರ್ಷದ ನಂತರ ಅದು ಬಳಿದ ಕಲೆಯೋ ನಿಜವಾದ ಹಾನಿಯೋ ಎಂದು ಯಾರೂ ಬೇರ್ಪಡಿಸಲಾರರು.

ಎಳೆಯಕೈ

ನಾನು ಈ ಹವ್ಯಾಸಕ್ಕೆ ಹೊಸಬಳು. ಶಿಲ್ಪ, ತೋಪು, ದೀಪಗಳನ್ನೆಲ್ಲ ಈಗ 3ಡಿ ಮುದ್ರಣದಲ್ಲಿ ಸೊಗಸಾಗಿ ಮಾಡಬಹುದಲ್ಲವೇ? ಹಿರಿಯರು ಅದನ್ನು ಒಪ್ಪುವುದಿಲ್ಲವೇ?

ಗಾಜುಪೆಟ್ಟಿಗೆ

ಒಪ್ಪುತ್ತೇವೆ, ಆದರೆ ರಾಳದ ಮುದ್ರಣವನ್ನೇ ಅಂತಿಮ ವಸ್ತುವಾಗಿ ಇಡುವುದಕ್ಕೆ ಹಿಂಜರಿಕೆಯಿದೆ. ಬೆಳಕಿನಿಂದ ಗಟ್ಟಿಯಾಗುವ ಆ ರಾಳ ಬೆಳಕು ಬಿದ್ದಂತೆಲ್ಲ ಹಳದಿಗಟ್ಟುತ್ತದೆ, ಪೆಡಸಾಗುತ್ತದೆ. ಎರಕಕ್ಕೆಂದೇ ಇರುವ ರಾಳದಲ್ಲಿ ಮುದ್ರಿಸಿ, ಅಚ್ಚು ಕಟ್ಟಿ, ಸುಟ್ಟು, ಹಿತ್ತಾಳೆ ಹೊಯ್ಯಿಸಿದರೆ ನಿಮ್ಮ ವಿನ್ಯಾಸವೂ ಉಳಿಯುತ್ತದೆ, ನಮ್ಮ ಆತಂಕವೂ ತಪ್ಪುತ್ತದೆ.

ಹಳೆನಕ್ಷೆ

ಶಿಲ್ಪದ ಮಾತು ಬಂತು. ಇಂದಿನ ಟ್ರಿಂಕಾಮಲಿಯ ಮೂತಿಯಲ್ಲಿ ಪೇಟ ಸುತ್ತಿದ ಪುರುಷನ ವಿಗ್ರಹವಿದೆ. ಅದು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ 1817ರ ಮಾದರಿಗೆ ಅಂಟಿಸಬೇಡಿ. ಆ ವರ್ಷದ್ದೆಂಬುದಕ್ಕೆ ದಾಖಲೆ ಸಿಕ್ಕರೆ ಮಾತ್ರ ಕೆತ್ತಿ. ಸಿಗದಿದ್ದರೆ ವಿಗ್ರಹದ ಹೊರ ಆಕಾರವನ್ನಷ್ಟೇ ನಯವಾದ ಮರದಲ್ಲಿ ಬಿಟ್ಟುಬಿಡಿ, ಮುಖ ಬೇಡ. ಆಧಾರ ಎಲ್ಲಿ ಮುಗಿಯಿತು ಎಂಬುದನ್ನು ಮಾದರಿಯೇ ಹೇಳಲಿ.

ಹುರಿಹಗ್ಗ

ಇದಕ್ಕೆ ನನ್ನ ಒಪ್ಪಿಗೆಯಿಲ್ಲ, ಹಳೆನಕ್ಷೆಯವರೇ. ಮುಖವಿಲ್ಲದ ವಿಗ್ರಹವನ್ನು ನೋಡಿದವರು ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಳ್ಳುತ್ತಾರೆ. ಅದೇ ಕಾಲದ, ಅದೇ ದರ್ಜೆಯ ಹಡಗುಗಳ ಕ್ರಮ ನೋಡಿ ಕೆತ್ತಿ, ಆಧಾರವೇನೆಂದು ದಾಖಲೆಯಲ್ಲಿ ಬರೆದರಾಯಿತು. ನಾವು ಹಗ್ಗಗಳಲ್ಲಿ ಮಾಡುವುದೂ ಅದನ್ನೇ. ಹಡಗು ಹಡಗಿನ ಹಗ್ಗಪಟ್ಟಿ ಎಲ್ಲಿ ಉಳಿದಿದೆ?

ಹಳೆನಕ್ಷೆ

ಹಗ್ಗಕ್ಕೆ ದರ್ಜೆಯ ನಿಯಮವಿತ್ತು, ಆದ್ದರಿಂದ ಊಹೆಗೆ ನೆಲೆಯಿದೆ. ವಿಗ್ರಹ ಒಂದೊಂದು ಹಡಗಿಗೂ ಬೇರೆ. ಒಂದರ ಮುಖವನ್ನು ಇನ್ನೊಂದಕ್ಕೆ ಕೊಡಲಾಗದು. ಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟದ್ದನ್ನೆಲ್ಲ ಜನ ಸತ್ಯವೆಂದೇ ನಂಬುತ್ತಾರೆ. ದಾಖಲೆಯ ಕಡತವನ್ನು ತೆರೆದು ನೋಡುವವರು ಎಷ್ಟು ಮಂದಿ?

ತೇಗದಹಲಗೆ

ಇಬ್ಬರ ವಾದವನ್ನೂ ಸಂಗ್ರಹಾಲಯದವರ ಮುಂದಿಟ್ಟೆ. ಹಳೆನಕ್ಷೆಯವರ ಕಡೆಗೇ ನಾನು ವಾಲಿದ್ದೇನೆ, ಅವರಿಗೂ ಅದೇ ಒಪ್ಪಿಗೆಯಾಯಿತು. ದಾಖಲೆ ಸಿಗುವವರೆಗೆ ವಿಗ್ರಹಕ್ಕೆ ಮುಖವಿಲ್ಲ, ಫಲಕದಲ್ಲಿಯೇ ಕಾರಣ ಬರೆಯುತ್ತೇವೆ. ವಿಗ್ರಹವನ್ನು ತಿರುಪಿನಿಂದ ಕೂರಿಸುತ್ತೇನೆ. ಮುಂದೆ ಆಧಾರ ಸಿಕ್ಕರೆ ಒಡಲಿಗೆ ಕೈ ಹಚ್ಚದೆ ಬದಲಿಸಬಹುದು.

ಇನ್ನುಳಿದಂತೆ, ಬಲಬದಿಯ ಕೆಳ ಒಡಲಿಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ತೆರೆದಿಡಬೇಕೆಂದಿದ್ದೇನೆ. 17ನೇ ಶತಮಾನದ ಇಂಗ್ಲಿಷ್ ಯುದ್ಧನೌಕೆಗಳ ನೇವಿ ಬೋರ್ಡ್ ಮಾದರಿಗಳ ಚೆಲುವು ಅದರಿಂದಲೇ ಬಂದದ್ದು. ಹಾಯಿಗಳಿಲ್ಲ, ಕೂವೆಮರಗಳಿಗೆ ಪೂರ್ಣ ಹಗ್ಗಗಳುಂಟು. ಹಲಗೆ ಮೊಳೆಗಳನ್ನು ಬಿದಿರಿನಿಂದಲೇ ಮಾಡುತ್ತೇನೆ.

ಹಳೆನಕ್ಷೆ

ತೆರೆದಿಡಿ, ಆದರೆ ನೇವಿ ಬೋರ್ಡ್ ಮಾದರಿಗಳ ಪಕ್ಕೆಲುಬಿನ ಜೋಡಣೆಯನ್ನು ನಕಲು ಮಾಡಬೇಡಿ. ಅದು ಆ ಕುಶಲಕರ್ಮಿಗಳ ಅಲಂಕಾರದ ಸಂಪ್ರದಾಯ, ನಿಜವಾದ ಹಡಗನ್ನು ಹಾಗೆ ಕಟ್ಟುತ್ತಿರಲಿಲ್ಲ. ಸ್ಕಾಟ್‌ಲೆಂಡಿನ ಡಂಡೀಯಲ್ಲಿರುವ ಯೂನಿಕಾರ್ನ್ ಫ್ರಿಗೇಟ್ ಇದೇ ಲೀಡಾ ವರ್ಗದ್ದು, 1824ರಲ್ಲಿ ನೀರಿಗಿಳಿದು, ಕೂವೆಮರಗಳನ್ನೇ ಏರಿಸದೆ ಮೇಲೆ ಚಾವಣಿ ಹಾಕಿ ಇಟ್ಟಿದ್ದರಿಂದ ಅದರ ಮೂಲ ಮರ ಬಹಳಷ್ಟು ಉಳಿದಿದೆ. ನೋಡಲು ಹೋಗಬಹುದು. ಆದರೆ ಅದರಲ್ಲಿ ಬ್ರಿಟಿಷ್ ನೌಕಾ ವಿನ್ಯಾಸಕ ರಾಬರ್ಟ್ ಸೆಪಿಂಗ್ಸ್ ತಂದ ಹೊಸ ನಿರ್ಮಾಣ ಕ್ರಮ ಸೇರಿಕೊಂಡಿದೆ. ಒಳಕಟ್ಟನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಹುರಿಹಗ್ಗ

ವಿಗ್ರಹದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೂ ತಿರುಪಿನ ಉಪಾಯ ಹಿಡಿಸಿತು. ಬಿದಿರಿನ ಮೊಳೆಗೆ ಒಂದು ಸಲಹೆ. ಸೀಳಿದ ಕಡ್ಡಿಯನ್ನು ಉಕ್ಕಿನ ತೂತುಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ ಒಂದೊಂದಾಗಿ ಎಳೆಯುತ್ತಾ ಬನ್ನಿ. ನಡುವೆ ಒಂದನ್ನು ಹಾರಿಸಿದರೂ ಕಡ್ಡಿ ಮುರಿಯುತ್ತದೆ. ಒಂದೂಕಾಲು ಅಂಗುಲದ ಮರದ ಮೊಳೆ 1:48ರಲ್ಲಿ 0.66 ಮಿಲಿಮೀಟರ್. ಹಲಗೆಗಿಂತ ತೀರ ಬೇರೆ ಬಣ್ಣದ್ದು ಬೇಡ, ನಿಜವಾದ ಡೆಕ್ಕಿನಲ್ಲಿ ಮೊಳೆಗಳು ಎದ್ದು ಕಾಣುವುದಿಲ್ಲ.

ತೇಗದಹಲಗೆ

ಬರೆದುಕೊಂಡೆ. ಕೊನೆಯದಾಗಿ ಪೆಟ್ಟಿಗೆಯ ಬಗ್ಗೆ. ಪೀಠವನ್ನು ಸಂಗ್ರಹಾಲಯದವರೇ ಮಾಡಿಸುತ್ತಾರೆ. ನಾನು ಅವರಿಗೆ ಏನು ಹೇಳಬೇಕು?

ಗಾಜುಪೆಟ್ಟಿಗೆ

ದೀಪ ಪೆಟ್ಟಿಗೆಯ ಹೊರಗಿರಲಿ, ಒಳಗಿದ್ದರೆ ಹಚ್ಚಿ ಆರಿಸಿದಾಗಲೆಲ್ಲ ಒಳಗಿನ ಗಾಳಿ ಬಿಸಿಯಾಗಿ ತಣ್ಣಗಾಗಿ ಹಲಗೆಗಳ ಬೆಸುಗೆ ಬಿಡುತ್ತದೆ. ಮಾದರಿಯ ಮೇಲೆ ಬೀಳುವ ಬೆಳಕು 50 ಲಕ್ಸ್ ದಾಟದಿರಲಿ, ಹಗ್ಗಗಳ ಬಣ್ಣಕ್ಕೆ ಅದು ಮುಖ್ಯ. ತೇವಾಂಶ ಶೇ. 50ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ನಿಲ್ಲಬೇಕು. ಪೀಠಕ್ಕೆ ಓಕ್ ಬೇಡ, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕೂಡ ಬೇಡ, ಪುಡಿಲೇಪನವಿರುವ ಲೋಹ ಕೇಳಿ. ಸಿಲಿಕಾ ಜೆಲ್ ಇಡುವ ಖಾನೆ ಪೀಠದ ಕೆಳಭಾಗದಲ್ಲಿ, ಹಿಂಬದಿಯಿಂದ ತೆರೆಯುವಂತಿರಲಿ. ಅದನ್ನು ಬದಲಿಸಲು ಯಾರೂ ಗಾಜನ್ನು ಎತ್ತುವ ಸಂದರ್ಭ ಬರಬಾರದು. ಬಳಸಿದ ಮರ, ಅಂಟು, ಬಣ್ಣ, ನೂಲುಗಳ ಪಟ್ಟಿಯ ಒಂದು ಪ್ರತಿಯನ್ನು ಆಮ್ಲರಹಿತ ಕಾಗದದಲ್ಲಿ ಬರೆದು ಅದೇ ಖಾನೆಯ ಪಕ್ಕದಲ್ಲಿ ಇರಿಸಿ.